ಕಾಫಿ ಕುಯ್ಲಿಗೆ ಮುಂಚೆ ಮನೆಮನೆಗೆ ಓಆರ್‌ಎಸ್

ಕೊಡಗಿನ ಗೋಣಿಕೊಪ್ಪದಲ್ಲಿ ತೋಟದ ಹಾಜರಿ ಬರೆಯುವ ರೈಟರ್‌ಗಳು, ಬೆಳೆಗಾರರು, ಆಶಾ ಮತ್ತು ಅಂಗನವಾಡಿಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು

ಎಲ್ರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಮುಂದಿನ ಎರಡು ಸಾಲು ಹಾಗೇ ಖಾಲಿ ಉಂಟು. ಆಶಾ ಅಕ್ಕಂದಿರು ಅಲ್ಲಿ ಮೂಲೆಲಿ ಕೂತ್ಕೊಂಡಿದ್ದಾರೆ, ನೀವೇ ಇವತ್ತು ಮುಂದೆ ಕೂರ್ಬೇಕಾದವರು, ಬನ್ನಿ. ಅಂಗನವಾಡಿ ಟೀಚರೂ ಬನ್ನಿ, ಮಗು ಎತ್ಕೊಂಡೇ ಬನ್ನಿ, ಅದು ಅತ್ರೆ ಅಳ್ಲಿ, ಮಕ್ಕಳ ಡಾಕ್ಟರಿಗೆ ಅಳು ಕೇಳ್ತಾ ಮಾತಾಡೋದು ಅಭ್ಯಾಸ.

ಅರೇಬಿಕಾ ಹಣ್ಣಾಗ್ತಾ ಬಂತು. ಇನ್ನು ಸ್ವಲ್ಪ ದಿನದಲ್ಲಿ ಅಸ್ಸಾಂ ಕಡೆಯಿಂದ, ಜಾರ್ಖಂಡ್ ಕಡೆಯಿಂದ, ಇತ್ಲಾಗೆ ಹುಣಸೂರು ಎಚ್.ಡಿ. ಕೋಟೆ ಕಡೆಯಿಂದ ಜನ ಬರ್ತಾರೆ, ತೋಟದ ಕೆಲಸದವರು ಇರೋ ಲೈನ್‌ಮನೆಗಳೆಲ್ಲ ತುಂಬ್ತವೆ, ಹಾಡಿಗಳಿಂದ ಜೀಪು ತುಂಬಾ ಹೆಂಗಸರು ಬರ್ತಾರೆ, ಅವರ ಕಂಕುಳಲ್ಲಿ ಕೂಸುಗಳೂ ಬರ್ತವೆ. ಆ ಕೂಸುಗಳ ಬಗ್ಗೆ ಮಾತಾಡೋಕೇ ನಾನು ಬಂದಿದ್ದು. ಫೆಬ್ರವರಿಲಿ ಮಾತಾಡಿ ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ವಾರ್ಡು ತುಂಬಿರತ್ತೆ. ಈಗಲೇ ಆಡ್ಬೇಕು.

ನಮ್ಮ ವಾರ್ಡಿಗೆ ವಾಂತಿಭೇದಿ ಅಂತ ಬರೋ ಸಣ್ಣ ಮಕ್ಕಳ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ವಯಸ್ಸು 6 ತಿಂಗಳಿಂದ 2 ವರ್ಷದೊಳಗೆ. ಮೊದಲು ವಾಂತಿ ಶುರು, ಜೊತೆಗೆ ಸ್ವಲ್ಪ ಜ್ವರ, ತಾಯಿ ಅಂದ್ಕೋತಾಳೆ ಗ್ಯಾಸು ಅಂತ, ಅಜ್ಜಿ ಅಂತಾರೆ ದೃಷ್ಟಿ ಆಗಿದೆ ಅಂತ, ಪಕ್ಕದ ಮನೆಯವರು ಹಲ್ಲು ಬರ್ತಾ ಉಂಟು ಅದಕ್ಕೇ ಅಂತಾರೆ. ಅದೇ ದಿನವೋ ಮಾರನೇ ದಿನವೋ ಭೇದಿ ಶುರುವಾಗತ್ತೆ, ನೀರು, ಬರೀ ನೀರು, ಹುಳಿ ವಾಸನೆ, ರಕ್ತ ಇರಲ್ಲ, ಕುಂಡೆ ಎಲ್ಲ ಕೆಂಪಾಗಿರತ್ತೆ. ದಿನಕ್ಕೆ 10 ಸಲ, 15 ಸಲ. ಒಳಗೆ ಹೋಗಿದ್ದೆಲ್ಲ ಮೇಲಿಂದ ಬರತ್ತೆ, ಇದ್ದಿದ್ದೆಲ್ಲ ಕೆಳಗಿಂದ ಹೋಗತ್ತೆ. ಮಗು ನಮ್ಮ ಹತ್ರ ಬರೋವಾಗ ಕಣ್ಣು ಗುಳಿ ಬಿದ್ದಿರತ್ತೆ, ಅತ್ರೆ ಕಣ್ಣೀರಿಲ್ಲ, ಹೊಟ್ಟೆ ಚರ್ಮ ಚಿವುಟಿ ಬಿಟ್ರೆ ಮಡಿಕೆ ಹಾಗೇ ನಿಂತ್ಕೊಳ್ಳತ್ತೆ.

ಇದ್ರಲ್ಲಿ ಬಹಳಷ್ಟಕ್ಕೆ ಕಾರಣ ಒಂದು ವೈರಸ್ಸು, ರೋಟಾವೈರಸ್. ಆಶಾದವರಿಗೆಲ್ಲ ಹೆಸರು ಗೊತ್ತು, ಲಸಿಕೆ ಹಾಕಿಸ್ತಾನೇ ಇದ್ದೀರ. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ರೂತ್ ಬಿಷಪ್ ಅಂತ ಒಬ್ಬ ವಿಜ್ಞಾನಿ ಮತ್ತೆ ಅವರ ತಂಡ, ಭೇದಿಯಾಗಿ ಆಸ್ಪತ್ರೆಗೆ ಸೇರಿದ್ದ ಮಕ್ಕಳ ಕರುಳಿನ ಚೂರನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಕಂಡುಹಿಡಿದ್ರು. ಅಲ್ಲೀವರೆಗೆ ಈ ಮಕ್ಕಳಿಗೆ ಭೇದಿ ಯಾಕಾಗ್ತಿದೆ ಅಂತಲೇ ಗೊತ್ತಿರ್ಲಿಲ್ಲ. ನಮ್ಮ ದೇಶದಲ್ಲಿ 2005ರಿಂದ 2009ರವರೆಗೆ ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಭೇದಿಗೆ ಅಂತ ಅಡ್ಮಿಟ್ ಆದ 5 ವರ್ಷದೊಳಗಿನ ಮಕ್ಕಳ ಮಲ ಪರೀಕ್ಷೆ ಮಾಡಿ ನೋಡಿದಾಗ 100 ಮಕ್ಕಳಲ್ಲಿ ಸುಮಾರು 40 ಮಕ್ಕಳಿಗೆ ರೋಟಾ ಇತ್ತು. ಲಸಿಕೆ ಬರೋ ಮುಂಚಿನ ಲೆಕ್ಕ ಅದು. ಆಗ ವರ್ಷಕ್ಕೆ ಸುಮಾರು 8 ಲಕ್ಷ 70 ಸಾವಿರ ಮಕ್ಕಳು ಬರೀ ರೋಟಾದಿಂದ ಆಸ್ಪತ್ರೆ ಸೇರ್ತಿದ್ರು, ಸುಮಾರು 78 ಸಾವಿರ ಮಕ್ಕಳು ಸಾಯ್ತಿದ್ರು ಅಂತ ಅಂದಾಜು. ನಮ್ಮ ಭಾರತ ಒಂದ್ರಲ್ಲೇ. ಅದ್ರಲ್ಲಿ ಮುಕ್ಕಾಲು ಪಾಲು 2 ವರ್ಷ ತುಂಬದ ಕೂಸುಗಳು.

ಇಲ್ಲಿ ಬೆಳೆಗಾರರೂ ಬಂದಿದ್ದೀರ, ಸಂತೋಷ. ಒಂದು ವಿಷಯ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ವೈರಸ್ಸಿಗೆ ಬಂಗಲೆ ಲೈನ್‌ಮನೆ ಅಂತ ಭೇದ ಇಲ್ಲ. ಬೇರೆ ಭೇದಿ ಕಾಯಿಲೆಗಳ ಥರ ಬರೀ ಕೊಳಕು ನೀರಿನ ಕಾಯಿಲೆ ಅಲ್ಲ ಇದು. ಅಮೆರಿಕದಲ್ಲಿ ನಲ್ಲಿ ತಿರುಗಿಸಿದ್ರೆ ಕುಡಿಯೋ ನೀರು ಬರತ್ತೆ, ಆದ್ರೂ 2006ರಲ್ಲಿ ಲಸಿಕೆ ಬರೋವರೆಗೂ ಅಲ್ಲಿ ವರ್ಷಕ್ಕೆ 55 ಸಾವಿರದಿಂದ 70 ಸಾವಿರ ಮಕ್ಕಳು ಇದೇ ರೋಟಾದಿಂದ ಆಸ್ಪತ್ರೆ ಸೇರ್ತಿದ್ರು. ಪ್ರಪಂಚದಲ್ಲಿ 5 ವರ್ಷ ತುಂಬೋದ್ರೊಳಗೆ ಹೆಚ್ಚುಕಮ್ಮಿ ಪ್ರತಿ ಮಗುಗೂ ಒಂದು ಸಲವಾದ್ರೂ ಇದು ತಾಗತ್ತೆ. ಬೆಂಗಳೂರಿಂದ ರಜಕ್ಕೆ ಬಂದ ನಿಮ್ಮ ಮೊಮ್ಮಗಳಿಗೂ ತಾಗತ್ತೆ, ನಿಮ್ಮ ತೋಟದಲ್ಲಿ ಹಣ್ಣು ಕುಯ್ಯೋಳ ಮಗಳಿಗೂ ತಾಗತ್ತೆ. ಆದ್ರೆ ಅಮೆರಿಕದಲ್ಲಿ ಸಾಯ್ತಿದ್ದ ಮಕ್ಕಳು ವರ್ಷಕ್ಕೆ ಕೆಲವು ಡಜನ್ ಅಷ್ಟೇ. ಅದೇ ವೈರಸ್ಸು, ಅದೇ ವಯಸ್ಸು. ವ್ಯತ್ಯಾಸ ಏನು ಗೊತ್ತಾ, ವಾಂತಿ ಶುರುವಾದ ಹೊತ್ತಿಂದ ಮಗುವಿನ ಮೈಗೆ ನೀರು ಉಪ್ಪು ವಾಪಸ್ ಹೋಗೋ ಹೊತ್ತಿನವರೆಗೆ ಎಷ್ಟು ಗಂಟೆ ಆಯ್ತು ಅನ್ನೋದು. ಬಂಗಲೆ ಮಗುಗೆ ಅರ್ಧ ಗಂಟೆ. ಲೈನ್‌ಮನೆ ಮಗುಗೆ ಒಂದು ರಾತ್ರಿ. ಆ ಒಂದು ರಾತ್ರಿ ಬಗ್ಗೆನೇ ನಾನು ಇವತ್ತು ತಿರುಗಿ ತಿರುಗಿ ಹೇಳೋದು.

ಯಾಕೆ ರಾತ್ರಿ ಅಂದ್ರೆ ನಿಮಗೆಲ್ಲ ಗೊತ್ತು. ಹಗಲು ತಾಯಿ ತೋಟದಲ್ಲಿರ್ತಾಳೆ. ಕೂಸು ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಸೀರೆ ಜೋಲಿಲಿ, ಇಲ್ಲ ಇನ್ನೊಂದು ದೊಡ್ಡ ಮಗುವಿನ ಸೊಂಟದಲ್ಲಿ. ಕುಯ್ಯೋಳ ಕೈ ನೋಡಿದ್ದೀರಲ್ಲ, ಹಣ್ಣಿನ ಅಂಟು, ಅದ್ರ ಮೇಲೆ ಧೂಳು, ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ಕಪ್ಪಾಗಿರತ್ತೆ, ಆ ಅಂಟು ಬರೀ ನೀರಲ್ಲಿ ಹೋಗಲ್ಲ. ಸಾಲಿನ ಮಧ್ಯೆ ಸೋಪು ನೀರು ಎಲ್ಲಿಂದ ಬರಬೇಕು? ಕೂಸು ಕಕ್ಕ ಮಾಡಿದ್ರೆ ಎಲೆಲೋ ಬಟ್ಟೆಲೋ ಒರೆಸಿ ಮತ್ತೆ ಕುಯ್ಲು. ರೋಟಾ ಬಂದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ವೈರಸ್ ಕಣ ಇರ್ತವೆ, ಇನ್ನೊಂದು ಮಗುಗೆ ತಾಗೋಕೆ 100 ಕಣಕ್ಕಿಂತ ಕಮ್ಮಿ ಸಾಕು. ಕೈ ಮೇಲೆ ಗಂಟೆಗಟ್ಟಲೆ ಬದುಕತ್ತೆ, ಆಟದ ಸಾಮಾನಿನ ಮೇಲೆ, ಬಾಗಿಲ ಚಿಲಕದ ಮೇಲೆ ದಿನಗಟ್ಟಲೆ ಬದುಕತ್ತೆ. ಒಂದು ಲೈನಿನಲ್ಲಿ ಒಂದು ಮಗುಗೆ ಬಂತು ಅಂದ್ರೆ ಎರಡು ದಿನ ಬಿಟ್ಟು ಪಕ್ಕದ ಮನೆ, ಆಮೇಲೆ ಕೊನೇ ಮನೆ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಇದು ಜೋರು, ನಮ್ಮ ಕಡೆ ವರ್ಷಪೂರ್ತಿ ಇದ್ದೇ ಇರತ್ತೆ, ಆದ್ರೂ ಡಿಸೆಂಬರಿಂದ ಫೆಬ್ರವರಿ ಅದಕ್ಕೆ ಒಳ್ಳೇ ಕಾಲ. ನಮ್ಮ ಕುಯ್ಲಿನ ಕಾಲವೂ ಅದೇ, ಲೈನ್‌ಮನೇಲಿ ಒಂದು ಕೋಣೆಗೆ ಎರಡು ಸಂಸಾರ ಇರೋ ಕಾಲವೂ ಅದೇ.

ಸಂಜೆ ತೂಕ ಎಲ್ಲ ಆಗಿ ತಾಯಿ ಮನೆಗೆ ಬರೋವಾಗ ಆರು ಆರೂವರೆ. ಆಗ ಗೊತ್ತಾಗತ್ತೆ ಮಗು ವಾಂತಿ ಮಾಡ್ತಾ ಇದೆ ಅಂತ. ಹೊರಗೆ ಕತ್ತಲೆ. ಕುಟ್ಟ, ಮಾಲ್ದಾರೆ, ತಿತಿಮತಿ, ಸಿದ್ದಾಪುರದ ಕಡೆಯವರು ಇಲ್ಲಿದ್ದೀರ, ಕತ್ತಲಾದ ಮೇಲೆ ತೋಟದ ರಸ್ತೇಲಿ ಯಾರು ಇರ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾ? (ಸಭೆಯಲ್ಲಿ ನಗು) ಹೌದು, ಆನೆಗಳದೇ ರಸ್ತೆ ಅದು. ಹಾಗಾಗಿ ‘ಬೆಳಗ್ಗೆ ನೋಡೋಣ’ ಅಂತಾರೆ. ತಪ್ಪಲ್ಲ ಅದು, ಬೇರೆ ದಾರಿ ಇಲ್ಲ.

ಒಂದು ಘಟನೆ ಹೇಳ್ತೀನಿ, ನಾನು ಇದನ್ನ ತುಂಬ ಕಡೆ ಹೇಳಿದ್ದೀನಿ, ಇಲ್ಲಿ ಕೆಲವರು ಕೇಳಿರ್ಬಹುದು, ಇನ್ನೊಂದ್ಸಲ ಕೇಳಿ. ಸಿದ್ದಾಪುರದಿಂದ ಒಳಗೆ ಒಂದು ತೋಟ. ರೊಬಸ್ಟಾ ಕುಯ್ಲು ಜೋರಾಗಿದ್ದ ಸಮಯ. ಅಸ್ಸಾಮಿಂದ ಬಂದಿದ್ದ ಸಂಸಾರ, 11 ತಿಂಗಳ ಹೆಣ್ಣುಮಗು. ಸಂಜೆಯಿಂದ ವಾಂತಿ, ಎಂಟು ಗಂಟೆ ಹೊತ್ತಿಗೆ ನೀರು ಭೇದಿ. ಅಲ್ಲಿನ ರೈಟರ್ ಇನ್ನೂ ಹುಡುಗ, ಮದುವೆ ಕೂಡ ಆಗಿರ್ಲಿಲ್ಲ, ಅವನು ನಂಗೆ ಫೋನ್ ಮಾಡ್ದ. ಜೀಪು ಉಂಟು ಡಾಕ್ಟ್ರೇ, ಡ್ರೈವರೂ ಇದ್ದಾನೆ, ಆದ್ರೆ ಗೇಟಿನ ಹತ್ರ ಹಿಂಡು ನಿಂತಿದೆ, ಮರಿ ಬೇರೆ ಉಂಟು, ಫಾರೆಸ್ಟಿನವರು ಹೊರಗೆ ಬರ್ಲೇಬೇಡಿ ಅಂತಿದ್ದಾರೆ ಅಂದ. ನಾನು ಕೇಳಿದ್ದು ಒಂದೇ, ಆ ಲೈನಿನಲ್ಲಿ ಯಾರ ಮನೇಲಾದ್ರೂ ಓಆರ್‌ಎಸ್ ಪ್ಯಾಕೆಟ್, ನೀರಲ್ಲಿ ಕಲಸಿ ಕುಡಿಸೋ ಉಪ್ಪು ಸಕ್ಕರೆ ಪುಡಿ, ಉಂಟಾ ನೋಡು ಅಂತ. ಅವನು ಮನೆ ಮನೆ ಬಾಗಿಲು ತಟ್ಟಿ ಕೇಳಿದ. ಕೊನೇ ಮನೇಲಿ ಒಬ್ಬರು ಎರವರ ಬುಡಕಟ್ಟಿನ ಅಜ್ಜಿ, ಅವರ ಹತ್ರ ಎರಡು ಪ್ಯಾಕೆಟ್ ಇತ್ತು. ಮಳೆಗಾಲದಲ್ಲಿ ಆಶಾ ಅಕ್ಕ ಕೊಟ್ಟು ಹೋಗಿದ್ದು, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಹೆಂಚಿನ ಕೆಳಗೆ ಸಿಕ್ಕಿಸಿ ಇಟ್ಟಿದ್ರು. ಯಾಕೆ ಇಟ್ಕೊಂಡಿದ್ರಿ ಅಂತ ಆಮೇಲೆ ಕೇಳಿದ್ದಕ್ಕೆ, ‘ಆಶಾ ಇಟ್ಕೋ ಅಂದ್ಲು, ಇಟ್ಕೊಂಡೆ’ ಅಂದ್ರು.

ಆ ಅಜ್ಜಿ ಪ್ಯಾಕೆಟ್ ಕೊಟ್ಟು ಮನೆಗೆ ಹೋಗ್ಲಿಲ್ಲ. ಅಲ್ಲೇ ಕೂತ್ರು. ಆ ತಾಯಿಗೆ ಕನ್ನಡ ಬರಲ್ಲ, ಅಜ್ಜಿಗೆ ಅವಳ ಭಾಷೆ ಬರಲ್ಲ, ಇಬ್ರಿಗೂ ಮಧ್ಯೆ ಒಂದು ಮಾತಿಲ್ಲ. ನೀರು ಕುದಿಸಿ ಆರಿಸಿ, ಒಂದು ಲೀಟರ್ ಬಿಸ್ಲೇರಿ ಬಾಟ್ಲಿ ತೊಳೆದು ಅದ್ರಲ್ಲಿ ಅಳತೆ ಮಾಡಿ ಪೂರ್ತಿ ಪ್ಯಾಕೆಟ್ ಹಾಕಿಸಿದೆ. ಟೀ ಚಮಚದಲ್ಲಿ ಕೊಡಿ, ಎರಡು ನಿಮಿಷಕ್ಕೆ ಒಂದು ಚಮಚ, ಅಂದೆ. ಲೆಕ್ಕ ನೋಡಿ, ಆಶಾದವರು ಬರ್ಕೊಳ್ಳಿ: ಮಗು ಸುಮಾರು 8 ಕೆಜಿ. ನೀರು ಕಮ್ಮಿಯಾದ ಮಗುಗೆ ಕೆಜಿಗೆ 75 ಎಂಎಲ್, 4 ಗಂಟೆಯೊಳಗೆ. ಅಂದ್ರೆ 600 ಎಂಎಲ್. ಒಂದು ಟೀ ಚಮಚ 5 ಎಂಎಲ್. 120 ಚಮಚ. 240 ನಿಮಿಷಕ್ಕೆ 120 ಚಮಚ. ಎರಡು ನಿಮಿಷಕ್ಕೊಂದು, ಸರಿಯಾಗಿ ಕೂರತ್ತೆ ಲೆಕ್ಕ. ಮೊದಲು ಮೂರು ನಾಲ್ಕು ಚಮಚ ಒಳಗೆ ಹೋಯ್ತು, ಮಗು ಎಲ್ಲ ಕಕ್ಕಿಬಿಡ್ತು. ಹುಡುಗ ಗಾಬರಿಯಾಗಿ ಫೋನ್ ಮಾಡ್ದ. ಹತ್ತು ನಿಮಿಷ ಬಿಡು, ಆಮೇಲೆ ಇನ್ನೂ ನಿಧಾನಕ್ಕೆ ಶುರು ಮಾಡ್ಸು, ಕಕ್ಕಿದ್ರೂ ಅರ್ಧ ಒಳಗೇ ಉಳಿದಿರತ್ತೆ ಅಂದೆ. ಅವನ ಫೋನಿನ ಟಾರ್ಚ್ ಮಗುವಿನ ಮುಖಕ್ಕೆ ಹಿಡಿಸಿ ಕೇಳ್ತಿದ್ದೆ, ನಾಲಿಗೆ ಒದ್ದೆ ಉಂಟಾ, ಕಣ್ಣಲ್ಲಿ ನೀರು ಬರ್ತದಾ, ಕರೆದ್ರೆ ನೋಡ್ತದಾ, ಹೊಟ್ಟೆ ಚರ್ಮ ಎರಡು ಬೆರಳಲ್ಲಿ ಎತ್ತಿ ಬಿಡು, ಎಷ್ಟು ಹೊತ್ತಿಗೆ ಇಳೀತದೆ ಹೇಳು. ಅವನು ಎಲ್ಲ ಹೇಳ್ದ. ತಾಯಿ ದಿನಪೂರ್ತಿ ಕುಯ್ದು ಸುಸ್ತಾಗಿದ್ಲು, ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ಲು, ಮಧ್ಯೆ ಮಧ್ಯೆ ಎದ್ದು ಹಾಲು ಕೊಡ್ತಿದ್ಲು, ಅದೂ ಬೇಕು, ಎದೆಹಾಲು ನಿಲ್ಲಿಸ್ಬಾರ್ದು. ಚಮಚ ಅಜ್ಜಿ ಕೈಲೇ. ಮಧ್ಯರಾತ್ರಿ ದಾಟಿದ ಮೇಲೆ ನಾನು ಮತ್ತೆ ಫೋನ್ ಮಾಡಿ ಎಷ್ಟು ಚಮಚ ಹೋಯ್ತು ಅಂತ ಕೇಳಿದ್ರೆ ಹುಡುಗ ಪಿಸುಗುಟ್ಟಿಕೊಂಡು ಹೇಳ್ತಾನೆ, ‘ಡಾಕ್ಟ್ರೇ ನೀವು ಪದೇ ಪದೇ ಕೇಳ್ಬೇಡಿ, ನಾನು ಕೇಳಿದ್ರೆ ಅಜ್ಜಿ ಲೆಕ್ಕ ತಪ್ಪತ್ತೆ ಅಂತ ಬೈತಾರೆ’. (ನಗು)

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಫೋನ್ ಬಂತು. ಹುಡುಗ ಕೂಗ್ತಿದ್ದಾನೆ, ‘ಡಾಕ್ಟ್ರೇ ಉಚ್ಚೆ ಹೊಯ್ತು! ಅಜ್ಜಿ ಸೀರೆ ಮೇಲೇ ಹೊಯ್ತು!’ ಹಿಂದೆ ಇಡೀ ಲೈನು ಎದ್ದು ಗಲಾಟೆ ಮಾಡ್ತಿರೋದು ಕೇಳಿಸ್ತಾ ಇತ್ತು. ಮಗು ಉಚ್ಚೆ ಹೊಯ್ತು ಅಂತ ಇಷ್ಟು ಜನ ಖುಷಿ ಪಟ್ಟಿದ್ದು ನಾನಂತೂ ಬೇರೆಲ್ಲೂ ಕೇಳಿಲ್ಲ. ನಿಮಗೆ ಅರ್ಥ ಆಗ್ತಿದೆ ತಾನೇ, ಉಚ್ಚೆ ಹೊಯ್ತು ಅಂದ್ರೆ ಕಿಡ್ನಿಗೆ ರಕ್ತ ಸರಿಯಾಗಿ ಹೋಗ್ತಿದೆ ಅಂತ, ಮೈಲಿ ನೀರು ನಿಂತಿದೆ ಅಂತ. ಬೆಳಗ್ಗೆ ಹಿಂಡು ಆಚೆ ಹೋದ ಮೇಲೆ ಜೀಪಲ್ಲಿ ಕರ್ಕೊಂಡು ಬಂದ್ರು. ಮಗು ತಾಯಿ ಮಡಿಲಲ್ಲಿ ಕೂತ್ಕೊಂಡೇ ಬಂತು. ಮಲ ಪರೀಕ್ಷೆಲಿ ರೋಟಾ ಪಾಸಿಟಿವ್. ಎರಡು ದಿನ ಇಟ್ಕೊಂಡ್ವಿ, ಡ್ರಿಪ್ ಹಾಕೋ ಅಗತ್ಯನೇ ಬೀಳ್ಲಿಲ್ಲ. ಅಜ್ಜಿ? ಅಜ್ಜಿ ಅವತ್ತು ಬೆಳಗ್ಗೆ ಕುಯ್ಲಿಗೆ ಹೋಗಿದ್ರು. ರೈಟರ್ ಹುಡುಗ ಅವರಿಗೆ ಅವತ್ತಿನ ಹಾಜರಿ ಹಾಕಿ ಮನೆಗೆ ಕಳಿಸಿದನಂತೆ. ಇಲ್ಲಿರೋ ರೈಟರ್‌ಗಳು ಇದನ್ನ ಗಮನದಲ್ಲಿ ಇಟ್ಕೊಳ್ಳಿ.

ಈಗ ಹೇಳಿ, ಆ ರಾತ್ರಿ ಆ ಮಗುಗೆ ಚಿಕಿತ್ಸೆ ಕೊಟ್ಟಿದ್ದು ಯಾರು? ನನ್ನ ಹತ್ರ ಬರೋ ಮುಂಚೇನೇ ಚಿಕಿತ್ಸೆ ಮುಗಿದಿತ್ತು. ಆ ಎರಡು ಪ್ಯಾಕೆಟ್ ಹೆಂಚಿನ ಕೆಳಗೆ ಇಲ್ದೇ ಹೋಗಿದ್ರೆ ಬೆಳಗ್ಗೆ ನಾನು ಏನು ಮಾಡೋಕಾಗ್ತಿತ್ತು ಅಂತ ಯೋಚನೆ ಮಾಡೋಕೆ ಇಷ್ಟ ಇಲ್ಲ ನಂಗೆ.

ಇದು ಹ್ಯಾಗೆ ಕೆಲಸ ಮಾಡತ್ತೆ ಅಂತ ತಿಳ್ಕೊಂಡ್ರೆ ನಿಮಗೆ ಚಮಚದ ಮೇಲೆ ನಂಬಿಕೆ ಬರತ್ತೆ, ಅದಕ್ಕೆ ಸ್ವಲ್ಪ ಹೇಳ್ತೀನಿ. ಸಣ್ಣ ಕರುಳಿನ ಒಳಗೋಡೆ ತುಂಬಾ ಸಣ್ಣ ಸಣ್ಣ ಬೆರಳಿನ ಥರ ಚಾಚಿಕೊಂಡಿರತ್ತೆ, ಅದ್ರ ತುದಿಲಿರೋ ಜೀವಕೋಶಗಳೇ ನೀರು ಆಹಾರ ಹೀರೋದು. ರೋಟಾ ಹೋಗಿ ಹಿಡಿಯೋದು ಆ ತುದಿಗಳನ್ನೇ. ಅವು ಉದುರಿ ಹೋಗ್ತವೆ. ಜೊತೆಗೆ ವೈರಸ್ಸು ಎನ್‌ಎಸ್‌ಪಿ4 ಅಂತ ಒಂದು ಪ್ರೋಟೀನ್ ಮಾಡತ್ತೆ, ಅದು ವಿಷದ ಥರ ಕೆಲಸ ಮಾಡಿ ಒಳಗಿನ ನೀರನ್ನ ಹೊರಗೆ ಎಳೆಯತ್ತೆ. ಆದ್ರೆ ಎಲ್ಲ ಕೋಶನೂ ಸಾಯಲ್ಲ. ಉಳಿದಿರೋ ಕೋಶಗಳಲ್ಲಿ ಒಂದು ಬಾಗಿಲು ತೆರೆದೇ ಇರತ್ತೆ, ಅದು ಎಂಥಾ ಬಾಗಿಲು ಅಂದ್ರೆ ಉಪ್ಪು ಒಂದೇ ಬಂದ್ರೆ ಬಿಡಲ್ಲ, ಸಕ್ಕರೆ ಒಂದೇ ಬಂದ್ರೆ ಬಿಡಲ್ಲ, ಎರಡೂ ಕೈ ಹಿಡ್ಕೊಂಡು ಬಂದ್ರೆ ಒಳಗೆ ಬಿಡತ್ತೆ, ಅವು ಒಳಗೆ ಹೋದ್ರೆ ಹಿಂದೆನೇ ನೀರು ಹೋಗತ್ತೆ. ಬರೀ ನೀರು ಕೊಟ್ರೆ, ಬರೀ ಬೆಲ್ಲದ ಕಾಫಿ ಕೊಟ್ರೆ ಸಾಕಾಗಲ್ಲ ಯಾಕೆ ಅಂತ ಗೊತ್ತಾಯ್ತಲ್ಲ. ಜಾಸ್ತಿ ಸಿಹಿ ಆದ್ರೆ ಉಲ್ಟಾ ಆಗತ್ತೆ, ಸಕ್ಕರೆನೇ ನೀರನ್ನ ಕರುಳಿಗೆ ಎಳೆದು ಭೇದಿ ಜಾಸ್ತಿ ಮಾಡತ್ತೆ. ಪ್ಯಾಕೆಟ್ಟಲ್ಲಿ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ, ಸಿಟ್ರೇಟು, ಒಟ್ಟು 20.5 ಗ್ರಾಂ. ಅದು 1 ಲೀಟರ್ ನೀರಿಗೆ ಅಂತ ಲೆಕ್ಕ ಹಾಕಿ ಮಾಡಿದ್ದು. ಒಂದು ಲೋಟಕ್ಕೆ ಅರ್ಧ ಪ್ಯಾಕೆಟ್ ಸುರಿಯೋದು, ಮಗುಗೆ ರುಚಿ ಅಂತ ಮೇಲೆ ಸಕ್ಕರೆ ಹಾಕೋದು, ಕಲಸಿದ ಮೇಲೆ ಕುದಿಸೋದು ಇದೆಲ್ಲ ದಯವಿಟ್ಟು ಬೇಡ. ಕಲಸಿದ್ದು 24 ಗಂಟೆ ಆದ್ಮೇಲೆ ಚೆಲ್ಲಿ ಹೊಸದು ಮಾಡಿ.

ಇದನ್ನ ನಮ್ಮ ದೇಶದಲ್ಲೇ ಒಬ್ಬರು ತೋರಿಸಿಕೊಟ್ರು. 1971, ಬಾಂಗ್ಲಾ ಯುದ್ಧ, ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಡಾ. ದಿಲೀಪ್ ಮಹಾಲನಬಿಸ್, ಅವರೂ ಮಕ್ಕಳ ಡಾಕ್ಟ್ರೇ. ಡ್ರಿಪ್ ಬಾಟ್ಲಿ ಖಾಲಿಯಾಗ್ತಾ ಬಂತು, ಜನ ನೆಲದ ಮೇಲೆ ಮಲಗಿದ್ದಾರೆ. ಉಪ್ಪು, ಗ್ಲೂಕೋಸು, ಸೋಡಾ ಕಲಸಿ ಡ್ರಮ್ಮಲ್ಲಿ ತುಂಬಿ, ರೋಗಿಗಳ ಮನೆಯವರ ಕೈಲೇ ಕುಡಿಸೋಕೆ ಹೇಳಿದ್ರು. 100ಕ್ಕೆ 30 ಜನ ಸಾಯ್ತಿದ್ದಲ್ಲಿ 4ಕ್ಕಿಂತ ಕಮ್ಮಿ ಆಯ್ತು. ಅವರು ತೀರಿಕೊಂಡ ಮೇಲೆ 2023ರಲ್ಲಿ ಪದ್ಮವಿಭೂಷಣ ಕೊಟ್ರು. ಗಮನಿಸಿ, ಕುಡಿಸಿದ್ದು ಮನೆಯವರು. ಭಾಗಮಂಡಲದಲ್ಲಿ ಹುಟ್ಟಿದ ಅಜ್ಜಿಗೂ ಅದು ಬರತ್ತೆ, ಅಸ್ಸಾಮಲ್ಲಿ ಹುಟ್ಟಿದ ತಾಯಿಗೂ ಬರತ್ತೆ.

ಅದಕ್ಕೇ ‘ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಅಂತ ಬಂದಾಗ ನಂಗೆ ಬೇಸರ ಆಗತ್ತೆ. ಬಾಟ್ಲಿ ನೇತು ಹಾಕಿದ್ರೇನೇ ಟ್ರೀಟ್‌ಮೆಂಟು ಅಂತ ಆಗ್ಬಿಟ್ಟಿದೆ. ಡ್ರಿಪ್ ಬೇಕಾಗೋದು ಮಗು ಮಂಕಾಗಿ ಕುಡಿಯೋಕೇ ಆಗ್ದಿದ್ದಾಗ, ನೀರು ತೀರಾ ಕಮ್ಮಿ ಆದಾಗ, ಆಗ ಅದು ಜೀವ ಉಳಿಸತ್ತೆ, ಒಂದು ನಿಮಿಷನೂ ತಡ ಮಾಡಲ್ಲ ನಾವು. ಆಗಲೂ ಹಾಕೋದು ರಿಂಗರ್ ಲ್ಯಾಕ್ಟೇಟ್ ಅನ್ನೋ ಉಪ್ಪಿನಂಶದ ದ್ರವ, ನೀವು ಅನ್ಕೊಂಡಿರೋ ಗ್ಲೂಕೋಸ್ ನೀರಲ್ಲ. ಕುಡಿಯೋ ಮಗುಗೆ ಚಮಚನೇ ಸಾಕು.

ಇನ್ನೊಂದು ವಿಷಯ, ಅಂಗಡಿಗಳಲ್ಲಿ ಓಆರ್‌ಎಸ್ ಅಂತ ಹೆಸರು ಹಾಕ್ಕೊಂಡು ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಮಾರ್ತಿದ್ರಲ್ಲ, ಅದ್ರಲ್ಲಿ ಸಕ್ಕರೆ ಮಿತಿ ಮೀರಿ ಇರೋದು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ್ರು, 2025ರ ಅಕ್ಟೋಬರಲ್ಲಿ ದೇಶದ ಆಹಾರ ಸುರಕ್ಷತೆ ನೋಡೋ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಅನ್ನೋ ಪದ ಹಾಕೋ ಹಾಗಿಲ್ಲ ಅಂತ ಆದೇಶ ಮಾಡ್ತು. ದೊಡ್ಡ ಕೆಲಸ ಅದು. ನೀವು ಮೆಡಿಕಲ್ ಶಾಪಲ್ಲಿ ತಗೊಳ್ಳೋವಾಗ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಇರೋ ಪುಡಿ ಪ್ಯಾಕೆಟ್ ಕೇಳಿ. ಸಬ್ ಸೆಂಟರಲ್ಲಿ ಪುಕ್ಕಟೆ ಸಿಗತ್ತೆ.

ಇನ್ನು ಲಸಿಕೆ. ಇದ್ರ ಕಥೆ ಹೇಳೋಕೆ ನಂಗೆ ತುಂಬ ಇಷ್ಟ, ಆದ್ರೆ ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ, ಬೇಗ ಹೇಳ್ತೀನಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಅವರು ಹುಟ್ಟಿದ ಕೂಸುಗಳ ವಾರ್ಡಲ್ಲಿ ಒಂದು ರೋಟಾ ತಳಿ ನೋಡಿದ್ರು, ಕೂಸುಗಳಿಗೆ ತಾಗಿದೆ, ಆದ್ರೆ ಭೇದಿನೇ ಇಲ್ಲ. ಆ ಕೂಸುಗಳಿಗೆ ಮುಂದೆ ಜೋರಾದ ರೋಟಾ ಭೇದಿ ಬರೋದೂ ಕಮ್ಮಿ. ಅದೇ ಕಾಲಕ್ಕೆ ನಮ್ಮ ಬೆಂಗಳೂರಲ್ಲೂ ಅಂಥದ್ದೇ ಒಂದು ತಳಿ ಸಿಕ್ತು, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಪ್ರೊ. ದುರ್ಗಾ ರಾವ್ ಅವರ ಲ್ಯಾಬಿನಲ್ಲಿ ನೋಡಿದ್ರೆ ಅದ್ರ ಹೆಚ್ಚಿನ ಜೀನ್‌ಗಳೆಲ್ಲ ದನದ ರೋಟಾವೈರಸ್ಸಿನವು. ದೆಹಲಿ ತಳಿಲೂ ಒಂದು ಜೀನ್ ದನದ್ದೇ. ಹೌದು, ಕರುಗಳಿಗೂ ರೋಟಾ ಬರತ್ತೆ, ನಿಮ್ಮಲ್ಲಿ ದನ ಸಾಕಿರೋರಿಗೆ ಕರುವಿನ ಭೇದಿ ಗೊತ್ತು. ಹಾಗಂತ ಕೊಟ್ಟಿಗೆ ಖಾಲಿ ಮಾಡ್ಬೇಡಿ ಮಾರಾಯ್ರೆ, ಮಕ್ಕಳಿಗೆ ಬರೋದು ಮಕ್ಕಳಿಂದಲೇ. ಆ ದೆಹಲಿ ತಳಿಯಿಂದ ರೋಟಾವ್ಯಾಕ್ ಲಸಿಕೆ ಆಯ್ತು, ಭಾರತ್ ಬಯೋಟೆಕ್‌ನವರು ಮಾಡಿದ್ರು, ದೆಹಲಿ, ಪುಣೆ, ವೆಲ್ಲೂರಿನಲ್ಲಿ 6799 ಕೂಸುಗಳ ಮೇಲೆ ಪರೀಕ್ಷೆ ಆಯ್ತು, 2016ರ ಮಾರ್ಚಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ಸೇರ್ತು, 2019ರ ಹೊತ್ತಿಗೆ ನಮ್ಮ ರಾಜ್ಯಕ್ಕೂ, ಇಡೀ ದೇಶಕ್ಕೂ ಬಂತು.

‘ಲಸಿಕೆ ಹಾಕ್ಸಿದ್ರೂ ಭೇದಿ ಬಂತಲ್ಲ’ ಅಂತ ತಾಯಂದಿರು ಆಶಾದವರನ್ನ ಕೇಳ್ತಾರೆ. ನಿಜ, ಕೇಳ್ಬೇಕಾದ್ದೇ. ಆ ಪರೀಕ್ಷೆಲಿ ಮೊದಲ ವರ್ಷದಲ್ಲಿ ಜೋರಾದ ರೋಟಾ ಭೇದಿನ ನೂರಕ್ಕೆ 56ರಷ್ಟು ತಡೀತು. ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆಗಳು 85, 90 ತಡೀತವೆ. ನಮ್ಮಲ್ಲಿ ಯಾಕೆ ಕಮ್ಮಿ ಅನ್ನೋದಕ್ಕೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಲಿ ಡಾ. ಗಗನ್‌ದೀಪ್ ಕಾಂಗ್ ಅವರ ತಂಡ ಹುಟ್ಟಿದ ದಿನದಿಂದ 3 ವರ್ಷ ಮಕ್ಕಳನ್ನ ಹಿಂಬಾಲಿಸಿ ನೋಡಿದ್ದು ತುಂಬ ಮುಖ್ಯ. 6 ತಿಂಗಳು ತುಂಬೋದ್ರೊಳಗೆ ಅರ್ಧಕ್ಕಿಂತ ಜಾಸ್ತಿ ಕೂಸುಗಳಿಗೆ ಒಂದು ಸಲ ರೋಟಾ ತಾಗಿಬಿಟ್ಟಿತ್ತು. ಮೂರು ಸಲ ನಿಜವಾದ ವೈರಸ್ಸೇ ತಾಗಿದ್ರೂ ಜೋರಾದ ಕಾಯಿಲೆಯಿಂದ ಸಿಕ್ಕ ರಕ್ಷಣೆ ನೂರಕ್ಕೆ 79. ಖುದ್ದು ಕಾಯಿಲೆನೇ ಪೂರ್ತಿ ರಕ್ಷಣೆ ಕೊಡದ ಕಡೆ ಲಸಿಕೆಯ ಹನಿ ಪೂರ್ತಿ ಕೊಡ್ಲಿ ಅಂದ್ರೆ ಹ್ಯಾಗೆ? ಆದ್ರೂ ನೋಡಿ, ಲಸಿಕೆ ಬಂದ ಮೇಲೆ ಅಡ್ಮಿಟ್ ಆಗೋ ಭೇದಿ ಮಕ್ಕಳಲ್ಲಿ ರೋಟಾದ ಪಾಲು 40ರಿಂದ ಸುಮಾರು 20ಕ್ಕೆ ಇಳಿದಿದೆ. ಅರ್ಧ. ಅಷ್ಟು ಮಕ್ಕಳು ಆಸ್ಪತ್ರೆಗೆ ಬರ್ಲೇ ಇಲ್ಲ. ಉಳಿದ ಭೇದಿಗೆ ನೋರೋವೈರಸ್, ಅಡೆನೋವೈರಸ್, ಶಿಗೆಲ್ಲಾ ಅಂತ ಬೇರೆ ಕಾರಣಗಳಿವೆ, ಅದಕ್ಕೆ ಈ ಹನಿ ಕೆಲಸ ಮಾಡಲ್ಲ. ಅದಕ್ಕೇ ಹನಿನೂ ಬೇಕು, ಪ್ಯಾಕೆಟ್ಟೂ ಬೇಕು.

ಹನಿ 6, 10, 14 ವಾರಕ್ಕೆ. ಇಲ್ಲೇ ನಮ್ಮ ಸಮಸ್ಯೆ ಇರೋದು. ಅಸ್ಸಾಮಲ್ಲಿ 6 ವಾರಕ್ಕೆ ಮೊದಲ ಹನಿ ಆಯ್ತು, 10ನೇ ವಾರಕ್ಕೆ ರೈಲಲ್ಲಿ, 14ನೇ ವಾರಕ್ಕೆ ನಮ್ಮ ತೋಟದಲ್ಲಿ. ಕಾರ್ಡು ಊರಲ್ಲಿ. ಇಲ್ಲಿ ಯಾರೂ ಕೇಳಲ್ಲ, ಅವಳಿಗೂ ಯಾರನ್ನ ಕೇಳ್ಬೇಕು ಗೊತ್ತಿಲ್ಲ. ಕಾರ್ಡಿಲ್ಲ ಅಂತ ವಾಪಸ್ ಕಳಿಸ್ಬೇಡಿ. ಒಂದು ವರ್ಷ ತುಂಬೋದ್ರೊಳಗೆ ಮೊದಲ ಹನಿ ಶುರು ಮಾಡ್ಬಹುದು, ಒಮ್ಮೆ ಶುರುವಾದ್ರೆ 4 ವಾರದ ಅಂತರದಲ್ಲಿ ಉಳಿದಿದ್ದು ಮುಗಿಸಬೇಕು. ಒಂದು ವರ್ಷ ದಾಟಿ ಒಂದೂ ಹಾಕಿಸಿಲ್ಲ ಅಂದ್ರೆ ಆಮೇಲೆ ಶುರು ಮಾಡಲ್ಲ. ಹಾಗಾಗಿ ರೈಟರ್‌ಗಳೇ, ಜನ ಬಂದು ಇಳಿದ ದಿನ ನೀವು ಆಧಾರ್ ನಂಬರ್ ಬರ್ಕೋತೀರಲ್ಲ, ಅದೇ ಪುಸ್ತಕದಲ್ಲಿ ಒಂದು ವರ್ಷದೊಳಗಿನ ಕೂಸು ಯಾರ ಹತ್ರ ಇದೆ ಅಂತನೂ ಒಂದು ಸಾಲು ಬರ್ಕೊಂಡು ಆಶಾ ಅಕ್ಕನಿಗೆ ಫೋನ್ ಮಾಡಿ. ಐದು ನಿಮಿಷದ ಕೆಲಸ.

ಚೀಟಿ ಬಂತು. ಸರಿ, ಉಳಿದಿದ್ದು ಓಡಿಸ್ತೀನಿ.

ಜಿಂಕ್ ಮಾತ್ರೆ, ಭೇದಿ ನಿಂತ್ರೂ 14 ದಿನ ಪೂರ್ತಿ, 6 ತಿಂಗಳ ಮೇಲಿನ ಮಗುಗೆ 20 ಮಿಲಿಗ್ರಾಂ, 2ರಿಂದ 6 ತಿಂಗಳ ಕೂಸಿಗೆ 10. ಎದೆಹಾಲಲ್ಲೋ ಚಮಚ ನೀರಲ್ಲೋ ಕರಗಿಸಿ ಕೊಡಿ. ಊಟ ನಿಲ್ಲಿಸ್ಬೇಡಿ, ಗಂಜಿ, ಅನ್ನ ಬೇಳೆ, ಬಾಳೆಹಣ್ಣು, ತಿನ್ನೋ ಮಗುಗೆ ಎಲ್ಲ ಕೊಡಿ. ಪ್ರತಿ ಭೇದಿ ಆದ್ಮೇಲೆ 2 ವರ್ಷದೊಳಗಿನ ಮಗುಗೆ 50ರಿಂದ 100 ಎಂಎಲ್ ಓಆರ್‌ಎಸ್. ವೈರಸ್ಸಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡಲ್ಲ. ಭೇದಿ ಕಟ್ಟೋ ಮಾತ್ರೆ, ದೊಡ್ಡವರು ತಗೋತಾರಲ್ಲ, ಅದು ಮಕ್ಕಳಿಗೆ ಅಪಾಯ, ಕೊಡ್ಲೇಬೇಡಿ. ಜಾಯಿಕಾಯಿ ತೇದು ನೆಕ್ಕಿಸೋದು, ದಾಳಿಂಬೆ ಸಿಪ್ಪೆ ಕಷಾಯ ಅಂತ ಮಾಡ್ತಾ ಕೂತ್ರೆ ಆ ರಾತ್ರಿ ಕಳೆದುಹೋಗತ್ತೆ, ಮೊದಲು ಓಆರ್‌ಎಸ್.

ಮಗು ಕುಡಿಯಲ್ಲ, ಎಬ್ಬಿಸಿದ್ರೆ ಏಳಲ್ಲ, ಕುಡಿದಿದ್ದೆಲ್ಲ ಕಕ್ಕತ್ತೆ, ಆರು ಗಂಟೆಯಿಂದ ಉಚ್ಚೆ ಇಲ್ಲ, ಭೇದಿಲಿ ರಕ್ತ, ಇದ್ರಲ್ಲಿ ಒಂದಿದ್ರೂ 108ಕ್ಕೆ ಫೋನ್ ಮಾಡಿ, ಮಗು ಎಚ್ಚರ ಇದ್ದು ಕುಡಿಯೋ ಹಾಗಿದ್ರೆ ದಾರಿಲೂ ಚಮಚ ನಿಲ್ಲಿಸ್ಬೇಡಿ. ಆನೆ ಇದ್ರೆ ಫಾರೆಸ್ಟಿನವರಿಗೆ ಹೇಳಿ, ಮಗು ಸೀರಿಯಸ್ ಅಂದ್ರೆ ಅವರೇ ಗಾಡಿ ಮುಂದೆ ಬಿಟ್ಟು ದಾಟಿಸಿದ್ದೂ ಉಂಟು.

ಕೂಸುಗಳನ್ನ ನೋಡ್ಕೊಳ್ಳೋ ಮನೆ ಬಗ್ಗೆ ಹೇಳ್ಬೇಕಿತ್ತು, ಸಮಯ ಇಲ್ಲ. 1951ರ ಪ್ಲಾಂಟೇಷನ್ ಲೇಬರ್ ಆ್ಯಕ್ಟಲ್ಲೇ 50 ಹೆಂಗಸರು ಕೆಲಸ ಮಾಡೋ ತೋಟದಲ್ಲಿ ಶಿಶುವಿಹಾರ ಇರ್ಬೇಕು ಅಂತ ಬರೆದಿದ್ರು, ಬೆಳೆಗಾರರ ಜೊತೆ ಅದಕ್ಕೇ ಪ್ರತ್ಯೇಕ ಕೂರೋಣ. ಸಣ್ಣ ತೋಟದವರು ಕನಿಷ್ಠ ತೂಕ ಹಾಕೋ ಜಾಗದಲ್ಲಿ ಒಂದು ಡ್ರಮ್ ನೀರು, ದಾರಕ್ಕೆ ಕಟ್ಟಿದ ಒಂದು ಸೋಪು ಇಡಿ. ಆ ಅಂಟಿಗೆ ಸೋಪೇ ಬೇಕು, ಸ್ಯಾನಿಟೈಸರ್ ಸಾಕಾಗಲ್ಲ.

ಹೊರಗೆ ಬಾಗಿಲ ಹತ್ರ ಮೇಜಿನ ಮೇಲೆ ಪ್ಯಾಕೆಟ್‌ಗಳೂ ಜಿಂಕೂ ಇಟ್ಟಿದ್ದೀವಿ. ರೈಟರ್‌ಗಳು ನಿಮ್ಮ ಲೈನಿನಲ್ಲಿ ಎಷ್ಟು ಮನೆ ಅಂತ ಹೇಳಿ ಮನೆಗೆ ಎರಡರಂತೆ ತಗೊಂಡು ಹೋಗಿ, ಆಫೀಸ್ ಬೀರುಲಿ ಇಡ್ಬೇಡಿ, ಜನ ಬಂದ ದಿನವೇ ಹಂಚಿ. ನಿಮ್ಮ ಏರಿಯಾದ ಆಶಾ ಯಾರು ಅಂತ ಗೊತ್ತಿಲ್ದೋರು ಈಗಲೇ ಎದ್ದು ಕೇಳಿ, ಎಲ್ಲರೂ ಇಲ್ಲೇ ಮುಂದಿನ ಸಾಲಲ್ಲಿ ಇದ್ದಾರೆ, ನಂಬರ್ ತಗೊಂಡೇ ಊಟಕ್ಕೆ ಹೋಗಿ.